ಎಡಗೋಡೆಯ ಗೀರುಗಳಿಗೆ ಕತ್ತರಿಸಿದ ಎರಡು ಅಂಕ

ಹಳೆಯ ಮಿಲಿಟರಿ ಗಾಡಿಗಳ ಪ್ರದರ್ಶನಕ್ಕೆ ಈ ಚಳಿಗಾಲದಿಂದ ತೀರ್ಪುಗಾರರಾಗಲಿರುವ ಇಬ್ಬರು ತರುಣರು ಮೊನ್ನೆ ಇಲ್ಲಿ ವಡೋದರೆಯ ಫತೇಗಂಜಿನ ಚಹಾದಂಗಡಿಯಲ್ಲಿ ನನ್ನನ್ನು ಹಿಡಿದುಕೊಂಡು, "ಅಂಕಲ್, ಸ್ವಲ್ಪ ಟಿಪ್ಸ್ ಕೊಡಿ" ಅಂದರು. ಟಿಪ್ಸಂತೆ ಟಿಪ್ಸು! ಅರ್ಧ ಕಪ್ ಚಹಾ ಮುಗಿಯುವುದರೊಳಗೆ ಹೇಳಿ ಎದ್ದು ಹೋಗುವ ವಿದ್ಯೆಯೇ ಇದು? ಸರಿಯಾಗಿ ಬೈದು ಕಳಿಸಿದೆ. ಮನೆಗೆ ಬಂದ ಮೇಲೆ ಯಾಕಾದರೂ ಬೈದೆನೋ ಅನ್ನಿಸಿ ಇದನ್ನು ಬರೆಯಲು ಕೂತೆ. ಅವರಲ್ಲಿ ಒಬ್ಬಳು ನಮ್ಮ ಕಡೆಯ ಬ್ಯಾಂಕಿನವರ ಮಗಳು. ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವಳ ತಾಯಿ ಓದಿ ಹೇಳಲಿ.

ನಾನು ಗದಗಿನ ಕಡೆಯವನು. ಸೈನ್ಯದ ವಾಹನ ದುರಸ್ತಿ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಅಲ್ಲಿಂದ ಬಿಟ್ಟು ಬಂದ ಮೇಲೆ ಇದೇ ಊರಿನ ಮಕರಪುರದ ಒಂದು ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡಿದೆ. ಎರಡು ಕಡೆಯೂ ಏನೇನೋ ಬಡ್ತಿ ಕೊಟ್ಟರು, ಅದರಿಂದ ನಿಮಗೇನೂ ಉಪಯೋಗವಿಲ್ಲ. ರಜೆಯ ದಿನಗಳಲ್ಲಿ ಅಹಮದಾಬಾದ್, ವಡೋದರಾ, ಸೂರತ್ ಅಂತ ಸುತ್ತಿ, ಜನ ಕೈಯಾರೆ ರಿಪೇರಿ ಮಾಡಿ ಮೊದಲಿನಂತೆ ಮಾಡಿದ ಜೀಪು, ಟ್ರಕ್ಕು, ಆಂಬುಲೆನ್ಸುಗಳಿಗೆ ಅಂಕ ಹಾಕುತ್ತಿದ್ದೆನಲ್ಲ, ನನ್ನ ಜನ್ಮದ ನಿಜವಾದ ಕೆಲಸ ಅದೇ ಆಗಿತ್ತು.

ಈ ಕೆಲಸದಲ್ಲಿ ಅಂಕ ಕೊಡುವುದೆಂಬುದಿಲ್ಲ, ಕತ್ತರಿಸುವುದೇ. ಗಾಡಿ ನೂರು ಅಂಕ ಹೊತ್ತುಕೊಂಡೇ ಮೈದಾನಕ್ಕೆ ಬರುತ್ತದೆ. ಬೋಲ್ಟ್ ಆ ಕಾಲದ್ದಲ್ಲವೇ, ಒಂದು ಹೋಯಿತು. ಹಸಿರು ಬಣ್ಣ ಅಳತೆಗಿಂತ ಹೆಚ್ಚು ಹೊಳೆಯುತ್ತಿದೆಯೇ, ಎರಡು ಹೋಯಿತು. ನಮ್ಮ ಮುಖ್ಯ ತೀರ್ಪುಗಾರರು ನೀಲಾಬೆನ್ ಅಂತ, ವಡೋದರೆಯಲ್ಲಿ ಇಂಜಿನಿಯರಿಂಗ್ ಪಾಠ ಹೇಳಿ ನಿವೃತ್ತರಾದವರು. ಹತ್ತಿಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು. ಅವರದೊಂದು ಕಟ್ಟುನಿಟ್ಟಿನ ನಿಯಮ: ತೀರ್ಪುಗಾರ ಗಾಡಿಯನ್ನು ಮುಟ್ಟಕೂಡದು. ಬಾಗಿಲು ತೆಗೆಯುವುದು, ಬಾನೆಟ್ ಎತ್ತುವುದು ಎಲ್ಲ ಒಡೆಯನ ಕೆಲಸ. ನಾವು ಕೈ ಹಿಂದಕ್ಕೆ ಕಟ್ಟಿ, ಬಗ್ಗಿ, ಟಾರ್ಚು ಮತ್ತು ಕೋಲಿಗೆ ಕಟ್ಟಿದ ಕನ್ನಡಿ ಹಿಡಿದು ನೋಡಬೇಕು. ಈಗ ಬಣ್ಣದ ದಪ್ಪ ಅಳೆಯುವ ಮೀಟರು ಬಂದಿದೆ, ಮೊಬೈಲಿನಲ್ಲೇ ಅಂಕ ಒತ್ತುತ್ತಾರೆ. ಒಳ್ಳೆಯದೇ. ಆದರೆ ಮೀಟರು ದಪ್ಪವನ್ನಷ್ಟೇ ಹೇಳುತ್ತದೆ, ಕೆಳಗೆ ಏನಿದೆಯೆಂದು ಹೇಳುವುದಿಲ್ಲ.

ನಾನು ಮೊದಮೊದಲು ತಪ್ಪು ಮಾಡಿದ್ದು ಒಂದೆರಡಲ್ಲ. ಅಹಮದಾಬಾದಿನಲ್ಲಿ ಒಬ್ಬ ಶ್ರೀಮಂತರು ಜೀಪು ತಂದಿದ್ದರು, ಬಾಗಿಲ ತುಂಬ ಗುಂಡಿನ ತೂತುಗಳು. ನನಗೆ ಮೈ ಜುಂ ಅಂದಿತು. ಒಂದೇ ಒಂದು ಅಂಕವನ್ನೂ ಕತ್ತರಿಸದೆ ಹಾಳೆ ಕೊಟ್ಟೆ. ನೀಲಾಬೆನ್ ಪೆನ್ಸಿಲಿನ ತುದಿಯಿಂದ ತೋರಿಸಿ, "ಮಲ್ಲಪ್ಪಭಾಯಿ, ಚೂಪು ಅಂಚು ಹೊರಗಡೆಗಿದೆ. ಡ್ರೈವರ್ ಒಳಗೆ ಕೂತು ತನ್ನ ಬಾಗಿಲಿಗೇ ಗುಂಡು ಹೊಡೆದುಕೊಂಡನೇ?" ಅಂದರು. ಡ್ರಿಲ್ ಹಾಕಿ ಕೊರೆದ ತೂತುಗಳು! ಹೊರಗೆ ಥಳುಕು, ಒಳಗೆ ಹುಳುಕು. ಆವತ್ತಿನಿಂದ ನಾನು ಹಟಕ್ಕೆ ಬಿದ್ದೆ. ಯಾವ ಕತೆಯನ್ನೂ ಕೇಳುವುದಿಲ್ಲ, ಲೋಹವನ್ನಷ್ಟೇ ನೋಡುತ್ತೇನೆ ಅಂತ. ಆ ಹಟವೇ ಮುಂದೆ ನನ್ನನ್ನು ಹಾಳು ಮಾಡಿತು.

ಇನ್ನೊಂದು ಮಾತು. ಈ ಗಾಡಿಗಳ ಹತ್ತಿರ ಹೋದಾಗ ಕೆಲವೊಮ್ಮೆ ಮನಸ್ಸಿಗೆ ಹೇಗೋ ಆಗುತ್ತದೆ. ಹೆದರಬೇಡಿ, ಆದರೆ ಏನೂ ಇಲ್ಲವೆಂದು ನಗಲೂಬೇಡಿ. ಒಮ್ಮೆ ಒಂದು ವೈರ್‌ಲೆಸ್ ವ್ಯಾನು ಬಂದಿತ್ತು. ಅದರ ಬ್ಯಾಟರಿಯನ್ನು ನನ್ನ ಕಣ್ಣೆದುರಿಗೇ ಬಿಚ್ಚಿ ಕೆಳಗಿಟ್ಟಿದ್ದರು. ಮೊಳೆಗೆ ನೇತುಹಾಕಿದ್ದ ಹೆಡ್‌ಫೋನಿನ ಹತ್ತಿರ ಕಿವಿ ಒಯ್ದರೆ ಒಳಗೆ ಯಾರೋ ತಗ್ಗಿದ ದನಿಯಲ್ಲಿ ಅಂಕಿ ಎಣಿಸುತ್ತಿದ್ದರು. ಮೈದಾನದ ಮೈಕಿನ ತಂತಿ ಹತ್ತಿರದಲ್ಲೇ ಹಾದು ಹೋಗಿತ್ತು, ಅದರ ದನಿ ಇದಕ್ಕೆ ಹಿಡಿದಿರಬೇಕು ಅಂದುಕೊಂಡೆ. ತಿರುಗಿ ನೋಡಿದರೆ ಮೈಕಿನವನು ದೂರದಲ್ಲಿ ಢೋಕ್ಲಾ ತಿನ್ನುತ್ತ ನಿಂತಿದ್ದ. ನಾನು ಯಾರಿಗೂ ಹೇಳಲಿಲ್ಲ. ಎಣಿಕೆಗೆ ಅಂಕದ ಹಾಳೆಯಲ್ಲಿ ಜಾಗವಿಲ್ಲವಲ್ಲ!

ಈಗ ಆಂಬುಲೆನ್ಸಿನ ವಿಷಯ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಇದನ್ನು ಹೇಳುವುದಕ್ಕೇ ಬರೆಯಲು ಕೂತದ್ದು.

ಅದರ ಒಡೆಯ ಈರಣ್ಣ, ಬಾಗಲಕೋಟೆ ಕಡೆಯವನು. ಸೂರತ್ ಹತ್ತಿರದ ಹಜೀರಾದ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿ ಸೇರಿ ಅಲ್ಲಿಯೇ ತಲೆ ನರೆಸಿಕೊಂಡವನು. ಅವನ ತಂದೆ ಸೈನ್ಯದಲ್ಲಿ ಆಂಬುಲೆನ್ಸ್ ಡ್ರೈವರ್. ಯುದ್ಧದಲ್ಲಿ ಗಾಯಗೊಂಡವರನ್ನು ಸಾಗಿಸುತ್ತಿದ್ದಾಗ ಅವರಿಗೇ ಏಟು ಬಿತ್ತು. ಬೇರೊಬ್ಬ ಸ್ಟೀರಿಂಗ್ ಹಿಡಿದ, ಅವರನ್ನು ಅವರದೇ ಗಾಡಿಯ ಹಿಂದೆ ಮಲಗಿಸಿದರು. ಆಸ್ಪತ್ರೆ ಮುಟ್ಟುವುದರೊಳಗೆ ಜೀವ ಹೋಗಿತ್ತು. ಮನೆಗೆ ಬಂದ ಕಾಗದದಲ್ಲಿ ಇದ್ದದ್ದು ಇಷ್ಟೇ. ಆಗ ಈರಣ್ಣ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದ.

ತಾಯಿ ಗಂಗವ್ವನಿಗೆ ಉಳಿದದ್ದು ಒಂದೇ ಪ್ರಶ್ನೆ: ಕೊನೆಗೆ ಅವರು ಏನಾದರೂ ಅಂದರೇ? ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡೇ ಹೋದರೇ? ಊರಿಗೆ ರಜೆಗೆ ಬಂದ ಪ್ರತಿ ಸಿಪಾಯಿಯನ್ನೂ ನಿಲ್ಲಿಸಿ ಕೇಳಿದವಳಂತೆ. ಯಾರಿಗೆ ಗೊತ್ತು! ಗಂಡ ಗಾಡಿಯ ಪಕ್ಕ ನಿಂತು ತೆಗೆಸಿಕೊಂಡ ಒಂದು ಫೋಟೋ ಮನೆಯಲ್ಲಿತ್ತು, ಅದರಲ್ಲಿ ಗಾಡಿಯ ನಂಬರು ಕಾಣುತ್ತಿತ್ತು. ಈರಣ್ಣ ಆ ನಂಬರು ಹಿಡಿದುಕೊಂಡು ವರ್ಷಗಟ್ಟಲೆ ಗುಜರಿ ಅಂಗಡಿಗಳನ್ನು ಅಲೆದ. ಕೊನೆಗೆ ಗಾಲಿಯೂ ಇಲ್ಲದ ಒಂದು ಡಬ್ಬಾ ಸಿಕ್ಕಿತು. ಅದನ್ನು ಮನೆಗೆ ತಂದು, ಡ್ಯೂಟಿ ಮುಗಿಸಿ ಬಂದು ಬಂದು, ಗಾಡಿ ಮಾಡಿ ನಿಲ್ಲಿಸಿದ.

ಮೊದಲ ಸಲ ಅದನ್ನು ನೋಡಿದ್ದು ಅಹಮದಾಬಾದಿನಲ್ಲಿ. ಎಂಥ ಕೆಲಸ ಅಂತೀರಿ! ಒಂದು ಬೋಲ್ಟಿಗೂ ಹೆಸರಿಡುವ ಹಾಗಿರಲಿಲ್ಲ. ಹಿಂಬಾಗಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಇಳಕಲ್ ಸೀರೆಯ ಮುದುಕಿ ಕೂತಿದ್ದಳು. ನಾನು ಕನ್ನಡ ಮಾತಾಡಿದ್ದು ಕೇಳಿ ಮುಖ ಅರಳಿಸಿದಳು.

"ಯಾವೂರ ತಮ್ಮಾ ನಿಂದು?"

"ಗದಗ ಕಡೆ ಅಕ್ಕಾ."

"ಹಂಗಾರ ನಮ್ಮವನs ಅದಿ. ಛಲೋತ್ನಾಗಿ ನೋಡು. ನಮ್ಮ ಮನಿಯವ್ರು ಇದರಾಗs ಹೋಗ್ಯಾರ."

ನಾನು ಕತೆ ಕೇಳುವುದಿಲ್ಲವೆಂದು ಹಟ ತೊಟ್ಟವನು. ತಲೆಯಾಡಿಸಿ ಒಳಗೆ ಟಾರ್ಚು ಬಿಟ್ಟೆ. ಎಡಗೋಡೆಯ ಕೆಳಭಾಗದಲ್ಲಿ, ಸ್ಟ್ರೆಚರ್ ಕೂರಿಸುವ ಕಬ್ಬಿಣದ ಹಿಡಿಕೆಯ ಹಿಂದಿನಿಂದ ಶುರುವಾಗಿ, ಹಳೆಯ ಬಣ್ಣದ ಪದರಗಳ ಅಡಿಯಲ್ಲಿ ಗೀರುಗಳಿದ್ದವು. ಕೆಳಗಿನಿಂದ ಮೇಲಕ್ಕೆ ಏರುತ್ತ ಎರಡು ಗೇಣು ಉದ್ದ. ಈರಣ್ಣ ಹೊರಗಡೆಯ ಹಳೆಯ ಬಣ್ಣವನ್ನೆಲ್ಲ ಸುಲಿದಿದ್ದ, ಆದರೆ ಈ ಮೂಲೆಯಲ್ಲಿ ಹಳೆಯದರ ಮೇಲೆಯೇ ಹೊಸದು ಬಳಿದಿದ್ದ. "ಒಳಗೋಡೆ ಗೀರು, ತಗಡು ಸಿದ್ಧಪಡಿಸಿಲ್ಲ" ಅಂತ ಬರೆದು ಎರಡು ಅಂಕ ಕತ್ತರಿಸಿದೆ. ಆ ಎರಡು ಅಂಕದಲ್ಲಿ ಅವನಿಗೆ ಮೊದಲ ಬಹುಮಾನ ತಪ್ಪಿತು.

ಸಂಜೆ ಈರಣ್ಣ ಬಂದು ಕೈಕಟ್ಟಿ ನಿಂತ. "ಸರ, ಏನ್ ಮಾಡಬೇಕ್ರಿ?" ನಾನು ದೊಡ್ಡ ಗುರುವಿನ ಗತ್ತಿನಲ್ಲಿ ಹೇಳಿದೆ: "ಗ್ರೈಂಡರ್ ಹಿಡಿದು ತಗಡು ಬೆಳ್ಳಗಾಗೋ ಹಂಗ ಉಜ್ಜಸು. ಪುಟ್ಟಿ ತುಂಬಿ ಬಣ್ಣ ಹೊಡಿ. ಮಕರಪುರದಾಗ ನನ್ನ ಪರಿಚಯದ ಪೇಂಟರ್ ಅದಾನ, ಅವನ ಕಡೆ ಒಯ್ಯಿ." ಪೇಂಟರ್ ಗುಜರಾತಿನವನು, ಕೆಲಸದಲ್ಲಿ ಅಪ್ಪಟ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ.

ಮುಂದಿನ ಪ್ರದರ್ಶನ ವಡೋದರೆಯಲ್ಲಿ. ಎಡಗೋಡೆ ಹಾಲಿನ ಕೆನೆಯಷ್ಟು ನುಣ್ಣಗಾಗಿತ್ತು. ನಾನು ಸಂತೋಷದಿಂದ ಬಗ್ಗಿ ನೋಡುತ್ತಿದ್ದಾಗ ಹಿಂದಿನಿಂದ ಗಂಗವ್ವ ಅಂದಳು, "ತಮ್ಮಾ, ಒಳಗ ಯಾರೋ ಗ್ವಾಡಿ ಕೆರದಂಗ ಸಪ್ಪಳ ಆಗತೈತಿ. ಮೊದಲ ಇದ್ದಿಲ್ಲ. ಬಣ್ಣ ಹಚ್ಚಿ ತಂದಾಗಿಂದ ಐತಿ."

"ಬಿಸಿಲಿಗೆ ತಗಡು ಹಿಗ್ಗತೈತಿ ಅಕ್ಕಾ, ಅದರ ಸಪ್ಪಳ" ಅಂದೆ. ಅನ್ನುವುದನ್ನು ಅಂದೆ. ಆದರೆ ಅದು ಬೆಳಗಿನ ಹೊತ್ತು, ಗಾಡಿ ಬೇವಿನ ಮರದ ನೆರಳಿನಲ್ಲಿತ್ತು. ಮತ್ತೆ ಬಗ್ಗಿ ಉಸಿರು ಬಿಗಿಹಿಡಿದು ನಿಂತೆ. ಕರ್‌... ಕರ್‌... ನಡುವೆ ಬಿಡುವು. ಮತ್ತೆ ಕರ್‌. ಹಿಗ್ಗುವ ತಗಡು ಟಕ್ ಎನ್ನುತ್ತದೆ, ಕರ್ ಎನ್ನುವುದಿಲ್ಲ. ಇಲಿಯಿರಬೇಕು ಅಂತ ಈರಣ್ಣನಿಂದ ನೆಲದ ಹಲಗೆಗಳನ್ನೆಲ್ಲ ಎತ್ತಿಸಿ ನೋಡಿದೆ. ಇಲಿಯೂ ಇಲ್ಲ, ಹುಳವೂ ಇಲ್ಲ. ನೀಲಾಬೆನ್ ಬಂದು, "ಏನು ಹುಡುಕುತ್ತಿದ್ದೀರಿ?" ಅಂದಾಗ, "ಏನಿಲ್ಲ ಬೆನ್, ಬಣ್ಣ ಚೆನ್ನಾಗಿದೆ" ಅಂದೆ. ಆ ಸಲ ಮೊದಲ ಬಹುಮಾನ ಈರಣ್ಣನಿಗೇ ಬಂತು. ಗಂಗವ್ವ ಬಹುಮಾನದ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಒಂದು ಸಲವೂ ಅದರ ಕಡೆ ನೋಡಲಿಲ್ಲ.

ಮೂರನೆಯದು ಸೂರತ್ತಿನಲ್ಲಿ. ನಾನು ಅಂಕ ಹಾಕಿದ ಕೊನೆಯ ಪ್ರದರ್ಶನ ಅದು. ವಿಪರೀತ ಸೆಕೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಂಗವ್ವನಿಗೆ ತಲೆ ಸುತ್ತಿ ಬಂತು. ನೀರು ಕುಡಿಸಿ, ಹತ್ತಿರದಲ್ಲಿ ಮಲಗಿಸಲು ಬೇರೆಲ್ಲೂ ಜಾಗವಿಲ್ಲದೆ ಈರಣ್ಣ ಅವಳನ್ನು ಎತ್ತಿ ಆಂಬುಲೆನ್ಸಿನ ಒಳಗೆ, ಎಡಗಡೆಯ ಕೆಳಗಿನ ಸ್ಟ್ರೆಚರ್ ಮೇಲೆ ಮಲಗಿಸಿದ. ನಾನೂ ನೀಲಾಬೆನ್ ಅವರೂ ಹಿಂಬಾಗಿಲಲ್ಲಿ ಗಾಳಿ ಬೀಸುತ್ತ ನಿಂತೆವು. ಇಳಿಬಿಸಿಲು ಬಾಗಿಲಿನಿಂದ ಒಳಗೆ ಅಡ್ಡವಾಗಿ ಬಿದ್ದಿತ್ತು.

ಐದು ನಿಮಿಷಕ್ಕೆ ಮುದುಕಿ ಕಣ್ಣು ಬಿಟ್ಟಳು. ಗೋಡೆಯ ಕಡೆ ಮಗ್ಗುಲಾಗಿ ಹಾಗೇ ನೋಡುತ್ತ, "ಈರಾ, ಇಲ್ಲೇನೋ ಬರದಾರ ನೋಡು" ಅಂದಳು.

"ನಿನಗೆಲ್ಲಿ ಅಕ್ಷರ ಬರತಾವ ಬೇ?"

"ಓದಾಕ ಬರೂದಿಲ್ಲ. ಬರದದ್ದು ತಿಳಿಯೂದಿಲ್ಲೇನು?"

ನಾನು ಬಾಗಿಲಿಂದಲೇ ಇಣುಕಿದೆ. ಹಿಡಿಕೆಯ ಹತ್ತಿರ ಬಣ್ಣ ಗೆರೆಗೆರೆಯಾಗಿ ಒಳಗಿಳಿದಿತ್ತು. ಪುಟ್ಟಿ ಬಿಸಿಲಿಗೆ ಕುಸಿದಿದೆ, ಕೆಳಗಿನ ಗೀರು ಮೇಲೆ ಬಂದಿದೆ, ಅಂಕ ಕತ್ತರಿಸಬೇಕು. ದೇವರಾಣೆ, ನನಗೆ ಮೊದಲು ಹೊಳೆದದ್ದು ಇದೇ. ಅಷ್ಟರಲ್ಲಿ ಗಂಗವ್ವ ಎದ್ದು ಕೂತು, ಸ್ಟ್ರೆಚರಿನ ತುದಿಗೆ ಸರಿದು, "ತಮ್ಮಾ, ನೀ ಕಲ್ತಾವ ಅದಿ. ಮಲಗಿ ನೋಡು" ಅಂದಳು.

ನಾನು ನೀಲಾಬೆನ್ ಕಡೆ ನೋಡಿದೆ. ಹದಿನಾರು ವರ್ಷದಲ್ಲಿ ಒಂದು ಗಾಡಿಗೂ ನನ್ನ ಬೆರಳು ತಾಗಿರಲಿಲ್ಲ. ಅವರಿಗೆ ಕನ್ನಡ ತಿಳಿಯದಿದ್ದರೂ ಏನು ತಿಳಿಯಿತೋ, "ಹೋಗಿ" ಅಂತ ತಲೆಯಾಡಿಸಿದರು. ಹತ್ತಿ ಮಲಗಿದೆ. ಗಂಗವ್ವ ಮಲಗಿದ್ದ ಹಾಗೇ ತಲೆ ಬಾಗಿಲ ಕಡೆಗೆ, ಕಾಲು ಮುಂದಕ್ಕೆ. ಎಡ ಮಗ್ಗುಲಾಗಿ ಗೋಡೆಗೆ ಮುಖ ಮಾಡಿದೆ.

ಗೀರುಗಳಲ್ಲ. ಅಕ್ಷರಗಳು. ಕನ್ನಡ.

ನಿಂತು ನೋಡುವವನಿಗೆ ಕೆಳಗಿನಿಂದ ಮೇಲೆ ಹೋಗುವ ಗೀರು, ಮಲಗಿದವನಿಗೆ ಎಡದಿಂದ ಬಲಕ್ಕೆ ಹೋಗುವ ಸಾಲು. ಚಾಕುವಿನ ತುದಿಯೋ ಸ್ಕ್ರೂಡ್ರೈವರೋ, ಸಿಕ್ಕಿದ್ದರಿಂದ ಕೊರೆದದ್ದು. ಹಿಡಿಕೆಯ ಹಿಂದೆ ಗ್ರೈಂಡರಿನ ಚಕ್ರ ಹೋಗುವುದಿಲ್ಲ. ಅಲ್ಲಿ ಪೇಂಟರ್ ಬರೀ ಪುಟ್ಟಿ ಒತ್ತಿ ಬಿಟ್ಟಿದ್ದ, ಅಷ್ಟು ಉಳಿದಿತ್ತು. ಹಿಡಿಕೆ ದಾಟಿದ ಮೇಲೆ ಗೋಡೆ ನುಣುಪು. ಬೆರಳಿಟ್ಟು ಸವರಿದೆ, ಕಣ್ಣು ಗೋಡೆಗೆ ತಾಗಿಸಿ ನೋಡಿದೆ. ಎರಡು ಗೇಣಿನಷ್ಟು ಇದ್ದ ಸಾಲಿನಲ್ಲಿ ಉಳಿದದ್ದು ಒಂದೇ ಒಂದು ಪದ.

"ಏನ್ ಬರದೈತಿ?" ಗಂಗವ್ವ ಕೇಳಿದಳು.

"ಗಂಗವ್ವ" ಅಂತ ಓದಿದೆ.

ಅವಳು, "ಅವ್ರು ನನ್ನ ಹೆಸರು ಹಿಡದು ಒಮ್ಮೆರ ಕರದಿದ್ದಿಲ್ಲ. 'ಏ, ಕೇಳಿಲ್ಲೆ' ಅಂತಿದ್ರು. ಅತ್ತಿ ಮುಂದ ಅದನ್ನೂ ಅಂತಿದ್ದಿಲ್ಲ" ಅಂದಳು. ದನಿ ಮುದುಕಿಯದಾಗಿರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ನನ್ನನ್ನು ದಾಟಿ ಗೋಡೆಯ ಕಡೆ ನೋಡುತ್ತ, "ಹೂಂ, ಹೇಳ್ರಿ. ಕೇಳಾಕತ್ತೇನಿ" ಅಂದಳು.

ಈಗ ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. 'ಹೆದರಬೇಡ', 'ಮಗುವನ್ನು ಚೆನ್ನಾಗಿ ನೋಡಿಕೋ', ಯಾವುದು ಹೇಳಿದ್ದರೂ ಆ ಜೀವ ನಂಬುತ್ತಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಇಷ್ಟು ವರ್ಷ ತಗಡು ಏನು ಹೇಳುತ್ತದೋ ಅದನ್ನಷ್ಟೇ ಓದಿದವನು ನಾನು, ಸತ್ತವರ ಬಾಯಿಗೆ ನನ್ನ ಮಾತು ಹಾಕಲು ಮನಸ್ಸು ಬರಲಿಲ್ಲ.

"ಅಕ್ಕಾ, ಮುಂದಿಂದು ಇಲ್ಲ. ಇತ್ತು, ಬಾಳ ಇತ್ತು. ನಾನs ಅಳಸೇನಿ. ಗೀರು ಅಂತ ತಿಳದು ಎರಡು ಅಂಕ ಕತ್ತರಿಸಿ, ಉಜ್ಜಿ ತಗೀರಿ ಅಂತ ಹೇಳಿದಾವ ನಾನs." ಇಷ್ಟು ಹೇಳುವುದರೊಳಗೆ ಅಳು ಬಂತು. ಕನ್ನಡ ಓದಲು ಬರುವ ಒಬ್ಬನೇ ತೀರ್ಪುಗಾರ, ಆ ಮೈದಾನದಲ್ಲೆಲ್ಲ ಒಬ್ಬನೇ, ಬಗ್ಗಿ ಮಾತ್ರ ನೋಡಿದ್ದೆ. ಒಮ್ಮೆ ಮಲಗಿ ನೋಡಿದ್ದರೆ ಆಗುತ್ತಿತ್ತು.

ಈರಣ್ಣ ನನ್ನ ಕಾಲರಿಗೆ ಕೈ ಹಾಕುತ್ತಾನೆ ಅಂದುಕೊಂಡೆ. ಅವನು ತನ್ನ ಎರಡು ಕೈಗಳನ್ನೇ ನೋಡಿಕೊಳ್ಳುತ್ತಿದ್ದ. ಪೇಂಟರನ ಬಳಿಗೆ ಗಾಡಿ ಓಡಿಸಿಕೊಂಡು ಹೋದವನು ಅವನು.

ಗಂಗವ್ವ ಮಾತ್ರ ನನ್ನನ್ನು ದಿಟ್ಟಿಸಿ, "ಸುಟ್ಟ ಬರಲಿ ನಿನ್ನ ಅಂಕಕ್ಕ" ಅಂದಳು. ಆ ಬೈಗುಳ ಈಗಲೂ ನನ್ನ ಮೇಲಿದೆ, ಇರಲಿ. "ಇಳಿ ಕೆಳಗ. ಬಾಗಲಾ ಹಾಕ್ಕೊಂಡು ಹೋಗ್ರಿ. ಎಲ್ಲಾರೂ."

"ಬೇ, ಸೆಕಿ ಐತಿ, ಮತ್ತ ತಲಿ ತಿರಗೀತು..."

"ಹಾಕು ಅಂದ್ನೆಲ್ಲ."

ಮಕ್ಕಳೇ, ಇಲ್ಲೇ ನಿಮಗೆ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ, ಆಮೇಲೆ ನನ್ನಿಂದ ಆಗುವುದಿಲ್ಲ. ಗಾಡಿ ಯಾರಿಗಾಗಿ ಮಾಡಿದ್ದೋ ಅವರು ಇರುವ ಜಾಗದಲ್ಲಿ ಇದ್ದು ನೋಡಿ. ಜೀಪಾದರೆ ಕೂತು, ಟ್ರಕ್ಕಾದರೆ ಹಿಂದೆ ನಿಂತು, ಆಂಬುಲೆನ್ಸಾದರೆ ಮಲಗಿ. ನಿಯಮ ಮುರಿದಿರೆಂದು ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ. ಮತ್ತೆ, ಯಾವ ಗೀರನ್ನೂ ಅಳಿಸಿ ಅಂತ ಹೇಳಬೇಡಿ.

ಬಾಗಿಲು ಹಾಕಿದೆವು. ಈರಣ್ಣ, ನೀಲಾಬೆನ್, ನಾನು, ಮೂವರೂ ಬಿಸಿಲಲ್ಲೇ ನಿಂತೆವು. ಅತ್ತ ಮೈಕಿನಲ್ಲಿ ಬಹುಮಾನದ ಹೆಸರು ಕೂಗಲು ಶುರುವಾಗಿತ್ತು. ನಮ್ಮ ಗಾಡಿಯ ಹೆಸರೂ ಕೂಗಿದರೇನೋ, ಯಾರೂ ಅಲುಗಲಿಲ್ಲ.

ಒಳಗಿನಿಂದ "ಹೂಂ" ಅಂತ ಕೇಳಿತು.

ಮುದುಕಿ ನರಳುತ್ತಿದ್ದಾಳೆಂದು ಈರಣ್ಣ ಚಿಲಕಕ್ಕೆ ಕೈ ಹಾಕಿದ. ಮತ್ತೆ "ಹೂಂ" ಬಂತು, ಅವನ ಕೈ ಅಲ್ಲೇ ನಿಂತಿತು. ನರಳಾಟವಲ್ಲ ಅದು. ನಮ್ಮ ಕಡೆ ಯಾರಾದರೂ ಮಾತು ಹೇಳುತ್ತಿದ್ದರೆ ಕೇಳುವವರು ಹೂಂಗುಟ್ಟುತ್ತಾರಲ್ಲ, ಅದು. ಒಂದು ಹೂಂ, ಸ್ವಲ್ಪ ಬಿಡುವು, ಇನ್ನೊಂದು ಹೂಂ. ಬಿಡುವುಗಳೆಲ್ಲ ಒಂದೇ ಅಳತೆಯವಲ್ಲ. ಕೆಲವು ಚಿಕ್ಕವು, ಕೆಲವು ಒಂದು ದೊಡ್ಡ ಮಾತು ಆಡಿ ಮುಗಿಸುವಷ್ಟು ಉದ್ದದವು. ನಾನು ಆ ಬಿಡುವುಗಳಲ್ಲಿ ಕಿವಿಗೊಟ್ಟೆ. ತಗಡಿನ ಆಚೆ ಬೇರೆ ದನಿ ಏನೂ ಇರಲಿಲ್ಲ. ಒಮ್ಮೆ ಅವಳು ನಕ್ಕಳು. ಒಮ್ಮೆ "ಅಯ್ಯ, ಅದನ್ನೆಲ್ಲ ಈಗ್ಯಾಕ ಬಿಡ್ರಿ" ಅಂದಳು. ನೀಲಾಬೆನ್ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಆಮೇಲೆ ಎಲ್ಲಕ್ಕಿಂತ ಉದ್ದನೆಯ ಬಿಡುವು. ಮುಗಿಯಿತೇನೋ ಅಂದುಕೊಂಡೆವು. ಅಷ್ಟರಲ್ಲಿ ಒಳಗಿನಿಂದ ಗಂಗವ್ವ ನಾಚಿದ ದನಿಯಲ್ಲಿ, ಕೇಳಿದ್ದಕ್ಕೆ ಉತ್ತರ ಕೊಡುವ ಹಾಗೆ, ಹೇಳಿದಳು:

"ಗಂಡ ಕೂಸ್ರಿ. ಈರಣ್ಣ ಅಂತ ಹೆಸರಿಟ್ಟೇವಿ."

ಈರಣ್ಣ ಹಿಂದಿನ ಗಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ. ನರೆತ ತಲೆಯನ್ನು ಮೊಣಕಾಲ ನಡುವೆ ಹುದುಗಿಸಿಕೊಂಡ. ಒಳಗೆ ಮತ್ತೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಅವಳು, "ಹೂಂ" ಅಂದಳು.